ಸುಗ್ಗಿಯ ದಾನ, ಆಷಾಢದ ಫೀಸು

ಹಳೆಯ ಕಾಲೇಜುಗಳಲ್ಲಿ ಪ್ರಾಂಶುಪಾಲರ ಕೊಠಡಿಗೆ ಹೋಗುವ ಮೊಗಸಾಲೆಯಲ್ಲಿ ಒಂದು ಅಮೃತಶಿಲೆಯ ಫಲಕ ಇದ್ದೇ ಇರುತ್ತದೆ. ದತ್ತಿ ದಾನಿಗಳ ಪಟ್ಟಿ. ಎಡಕ್ಕೆ ದಾನಿಯ ಹೆಸರು, ನಡುವೆ ಯಾರ ಸ್ಮರಣಾರ್ಥ ಎಂಬ ವಿವರ, ಬಲಕ್ಕೆ ಮೊತ್ತ. ಮೇಲಿನ ಸಾಲುಗಳಲ್ಲಿ 1,001, 2,501, 5,001; ಕೆಳಗಿಳಿದಂತೆ 25,000, 50,000. ಜಾಗ ಮುಗಿದಲ್ಲಿ ಪಕ್ಕಕ್ಕೆ ಗ್ರಾನೈಟಿನ ಎರಡನೆಯ ಫಲಕ. ಅಕ್ಷರಗಳಿಗೆ ತುಂಬಿದ ಕಪ್ಪು ಬಣ್ಣ ಅಲ್ಲಲ್ಲಿ ಉದುರಿ, ಕೆಲವು ಹೆಸರುಗಳನ್ನು ಬೆರಳಾಡಿಸಿಯೇ ಓದಬೇಕು. ಆ 5,001ರ ಹಿಂದೆ ನಿವೃತ್ತ ಮಾಸ್ತರೊಬ್ಬರ ಗ್ರಾಚ್ಯುಟಿ ಇರಬಹುದು, ತೀರಿಕೊಂಡ ಮಗನ ಹೆಸರು ಉಳಿಯಲಿ ಎಂದು ತಾಯಿಯೊಬ್ಬಳು ಮಾರಿದ ಎರಡು ಬಳೆ ಇರಬಹುದು. ಕೊಟ್ಟ ದಿನ ಅದು ದೊಡ್ಡ ಹಣ. ಇವತ್ತು ಶೇ. 6.5ರ ಬಡ್ಡಿಯಲ್ಲಿ ಅದರಿಂದ ಬರುವುದು ವರ್ಷಕ್ಕೆ 325 ರೂಪಾಯಿ. ವಾರ್ಷಿಕೋತ್ಸವದ ಸಂಜೆ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆದು, ಲಕೋಟೆಯಲ್ಲಿ ಆ 325 ರೂಪಾಯಿ ಇಟ್ಟು ಕೊಡುತ್ತಾರೆ. ಚಪ್ಪಾಳೆ ಬೀಳುತ್ತದೆ.

ಕೊಟ್ಟವರ ಮನಸ್ಸು ಸಣ್ಣದಾಗಿರಲಿಲ್ಲ, ಹಣ ಸಣ್ಣದಾಯಿತು. ಆದರೆ ನನ್ನನ್ನು ಹೆಚ್ಚು ಕಾಡುವುದು ಲಕೋಟೆಯ ಗಾತ್ರಕ್ಕಿಂತ ಅದರ ತಿಂಗಳು. ವಾರ್ಷಿಕೋತ್ಸವ ನಡೆಯುವುದು ಏಪ್ರಿಲ್ ಹೊತ್ತಿಗೆ, ತರಗತಿಗಳು ಮುಗಿಯುವಾಗ. ಅದೇ ಮೊಗಸಾಲೆಯಲ್ಲಿ, ಅದೇ ಫಲಕದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಫೀಸು ಕಟ್ಟುವ ಕಿಟಕಿ ಇದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಆ ಕಿಟಕಿಯ ಮುಂದೆ ತಾಯಿ ಮಗಳು ನಿಂತಿದ್ದರು. ಮಗಳ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಜೆರಾಕ್ಸು. "ಸ್ಕಾಲರ್‌ಶಿಪ್ ಬರ್ತದೆ ಸರ್, ಹೋದ ವರ್ಷಾನೂ ಬಂದಿತ್ತು. ಬಂದ ಕೂಡಲೇ ಕಟ್ತೀವಿ" ಎಂದಳು ಮಗಳು. ಗುಮಾಸ್ತರು ಕಂಪ್ಯೂಟರಿನಿಂದ ತಲೆ ಎತ್ತಿ, ತಾಯಿಯ ಕಡೆ ನೋಡಿ, "ಬರ್ತದಮ್ಮ, ಇಲ್ಲ ಅನ್ನಲ್ಲ. ಆದ್ರೆ ಶುಕ್ರವಾರಕ್ಕೆ ಪೋರ್ಟಲ್ ಮುಚ್ತದೆ. ರಸೀದಿ ನಂಬರ್ ಹಾಕ್ದೆ ಇದ್ರೆ ಅಡ್ಮಿಷನ್ ಮುಂದಕ್ಕೇ ಹೋಗಲ್ಲ, ನಾನೇನು ಮಾಡ್ಲಿ?" ಎಂದರು. ಅವರ ಮಾತಿನಲ್ಲಿ ಗಡಸೇನೂ ಇರಲಿಲ್ಲ. ನಿಜಕ್ಕೂ ಅವರ ಕೈಯಲ್ಲಿ ಏನೂ ಇರಲಿಲ್ಲ. ತಾಯಿ ಮಗಳು ಪಕ್ಕಕ್ಕೆ ಸರಿದು, ಯಾರನ್ನು ಕೇಳುವುದು ಎಂದು ಮೆಲ್ಲಗೆ ಮಾತಾಡಿಕೊಂಡರು. ಅವರು ಒರಗಿ ನಿಂತದ್ದು ಆ ಫಲಕಕ್ಕೇ.

ದಾನಿಗಳ ಹಣದಿಂದ ನಡೆಯುವ ವಿದ್ಯಾರ್ಥಿವೇತನಗಳ ಬಗ್ಗೆ ಮಾತು ಬಂದಾಗಲೆಲ್ಲ ಎಷ್ಟು ಮಂದಿಗೆ, ಎಷ್ಟು ಲಕ್ಷ ಎಂಬ ಲೆಕ್ಕ ಕೇಳಿಬರುತ್ತದೆ. ಯಾವ ತಿಂಗಳಲ್ಲಿ ಕೈಸೇರಿತು ಎಂದು ಯಾರೂ ಕೇಳುವುದಿಲ್ಲ. ಆ ಹಣದ ನಿಜವಾದ ಬೆಲೆ ತೀರ್ಮಾನವಾಗುವುದೇ ಅಲ್ಲಿ.

ಕಾಯುವ ಏಳು ತಿಂಗಳು

ಒಂದು ಲೆಕ್ಕ ಹಾಕಿ ನೋಡಿ. ವಿದ್ಯಾರ್ಥಿನಿಗೆ 30,000 ರೂಪಾಯಿ ಮಂಜೂರಾಗಿದೆ, ಬರುವುದು ಮಾರ್ಚಿನಲ್ಲಿ. ಫೀಸು, ಹಾಸ್ಟೆಲಿನ ಠೇವಣಿ, ಪುಸ್ತಕ ಇವೆಲ್ಲ ಆಗಸ್ಟಿನಲ್ಲೇ ಆಗಬೇಕು. ಮನೆಯವರು ಕೈಗಡ ಮಾಡುತ್ತಾರೆ, ಇಲ್ಲವೇ ಓಲೆ ಗಿರವಿ ಇಡುತ್ತಾರೆ. ಹಳ್ಳಿಯ ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದುಕೊಂಡರೆ, ಏಳು ತಿಂಗಳಿಗೆ 4,200. ಮೂರು ರೂಪಾಯಿ ಆದರೆ 6,300. ದಾನಿ ಕೊಟ್ಟದ್ದು 30,000. ಹುಡುಗಿಯ ಓದಿಗೆ ದಕ್ಕಿದ್ದು 25,800, ಇಲ್ಲವೇ 23,700. ಉಳಿದದ್ದು ಸಾಲ ಕೊಟ್ಟವನ ಪಾಲು. ಯಾವ ವಾರ್ಷಿಕ ವರದಿಯಲ್ಲೂ ಈ ಸಾಲು ಇರುವುದಿಲ್ಲ. ಕೈಗಡವೂ ಹುಟ್ಟದ ಮನೆಯ ಮಕ್ಕಳು ಮಾರ್ಚಿನವರೆಗೆ ಪಟ್ಟಿಯಲ್ಲೇ ಉಳಿಯುವುದಿಲ್ಲ. ಅವರು ಅಷ್ಟರಲ್ಲಿ ಗಾರ್ಮೆಂಟ್ಸಿಗೋ ಮೊಬೈಲ್ ಅಂಗಡಿಗೋ ಸೇರಿರುತ್ತಾರೆ.

ಹಣ ಮಾರ್ಚಿನಲ್ಲಿ ಬರುವುದಕ್ಕೆ ಕಾರಣ ಯಾರ ಸೋಮಾರಿತನವೂ ಅಲ್ಲ, ಲೆಕ್ಕದ ವರ್ಷ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಸಿಎಸ್‌ಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದರೆ, ಅದು ಮುಂದುವರಿಯುವ ಯೋಜನೆಯಲ್ಲದಿದ್ದಲ್ಲಿ, ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಹೋಗಬೇಕು. ಹಾಗಾಗಿ ಜನವರಿಯಲ್ಲಿ ಸಭೆ, ಫೆಬ್ರುವರಿಯಲ್ಲಿ ಅರ್ಜಿ, ಮಾರ್ಚಿನಲ್ಲಿ ಓಡಾಟ. ಟ್ರಸ್ಟುಗಳದ್ದೂ ಇದೇ ಕಥೆ: ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಅದರ ನೆನಪು ಆಗುವುದು ಲೆಕ್ಕಪರಿಶೋಧಕರು ಫೋನು ಮಾಡಿದಾಗ. ಒಬ್ಬೊಬ್ಬರೇ ಕೊಡುವವರೂ ತೆರಿಗೆ ಉಳಿಸುವ ತಿಂಗಳಲ್ಲೇ ಕೊಡುತ್ತಾರೆ. ಒಟ್ಟಿನಲ್ಲಿ ದಾನದ ಸುಗ್ಗಿ ಮಾಘ ಫಾಲ್ಗುಣದಲ್ಲಿ, ಓದಿನ ಖರ್ಚು ಆಷಾಢದಲ್ಲಿ. ಒಕ್ಕಲುತನದ ಮನೆಯಲ್ಲಿ ಬೀಜ ಗೊಬ್ಬರಕ್ಕೂ ದುಡ್ಡು ಬೇಕಾದ ಆ ಆಷಾಢದಲ್ಲೇ.

ವಾರಾನ್ನದ ಮನೆ, ಮಠದ ಕಣಜ

ನಮ್ಮ ಹಿಂದಿನವರು ಈ ತೊಡಕನ್ನು ಬಿಡಿಸಿಕೊಂಡಿದ್ದ ಬಗೆ ನೋಡಬೇಕು. ಮೈಸೂರು, ಧಾರವಾಡಗಳಲ್ಲಿ ಓದಿದ ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಈ ಪದ್ಧತಿಯ ಕುಂದುಗಳು ಸಣ್ಣವಲ್ಲ: ಜಾತಿ ನೋಡಿ ಎಲೆ ಹಾಕುತ್ತಿದ್ದರು, ಎಷ್ಟೋ ಜಾತಿಯ ಹುಡುಗರಿಗೆ ಹೊಸ್ತಿಲೇ ಇರಲಿಲ್ಲ, ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಕೆಲವು ಮನೆಗಳಲ್ಲಿ ಉಂಡ ಅನ್ನಕ್ಕೆ ನೀರು ಹೊತ್ತು, ಸೌದೆ ಒಡೆದು ತೀರಿಸಬೇಕಿತ್ತು. ಅದನ್ನು ಮತ್ತೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಒಂದು ಗುಣವಿತ್ತು. ದಾನ ತಡವಾದರೆ ಅದೇ ದಿನ ಮಧ್ಯಾಹ್ನ ದಾನಿಗೆ ಗೊತ್ತಾಗುತ್ತಿತ್ತು. ಹಸಿದ ಹುಡುಗ ಎದುರಿಗೇ ಕೂತಿರುತ್ತಿದ್ದ.

ಆಮೇಲೆ ಜಾತಿ ಜನಾಂಗಗಳ ವಿದ್ಯಾರ್ಥಿನಿಲಯಗಳು ಬಂದವು, ಮಠಗಳ ಉಚಿತ ಪ್ರಸಾದ ನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗಾ ಮಠಕ್ಕೆ ಭಕ್ತರು ಕೊಡುವುದು ಸುಗ್ಗಿಯಲ್ಲಿ: ರಾಗಿ, ಭತ್ತ, ಕಾಳು, ತೆಂಗಿನಕಾಯಿ. ಮಕ್ಕಳು ಉಣ್ಣುವುದು ವರ್ಷವಿಡೀ. ಎರಡರ ನಡುವೆ ನಿಂತದ್ದು ಕಣಜ. ಸುಗ್ಗಿಯಲ್ಲಿ ಬಂದದ್ದನ್ನು ಸುಗ್ಗಿಯಲ್ಲೇ ಹಂಚಿ ಮುಗಿಸಿದ್ದರೆ ಆಷಾಢದಲ್ಲಿ ಒಲೆ ಉರಿಯುತ್ತಿರಲಿಲ್ಲ. ಇಂದಿನ ವಿದ್ಯಾರ್ಥಿವೇತನ ನಿಧಿಗಳಲ್ಲಿ ಹೆಚ್ಚಿನವಕ್ಕೆ ಇಲ್ಲದಿರುವುದು ಆ ಕಣಜವೇ. ಮಾರ್ಚಿನಲ್ಲಿ ಬಂದದ್ದನ್ನು ಮಾರ್ಚಿನಲ್ಲೇ, ಆ ವರ್ಷದ ಓದಿನ ಲೆಕ್ಕಕ್ಕೆ, ಓದು ಮುಗಿಯುವ ಹೊತ್ತಿಗೆ ಹಂಚುತ್ತಾರೆ.

ಕಣಜ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇದೆ ಎಂದು ಹಲವು ಟ್ರಸ್ಟಿಗಳು ನಂಬಿದ್ದಾರೆ. ಹಾಗೇನಿಲ್ಲ. ಶೇ. 15ರಷ್ಟನ್ನು ಯಾವ ವಿವರಣೆಯೂ ಇಲ್ಲದೆ ಉಳಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ, ಯಾವ ಉದ್ದೇಶಕ್ಕೆ ಎಂದು ನಿರ್ದಿಷ್ಟವಾಗಿ ಬರೆದು, ಅವಧಿಯೊಳಗೆ ಆದಾಯ ತೆರಿಗೆ ಇಲಾಖೆಗೆ ತಿಳಿಸಿ, ಐದು ವರ್ಷದವರೆಗೆ ಕೂಡಿಡಬಹುದು. ಫಾರಂ 10 ಎಂದು ಲೆಕ್ಕಪರಿಶೋಧಕರು ಹೇಳುತ್ತಿದ್ದುದು ಇದಕ್ಕೇ. ಕಂಪನಿಯ ಹಣವಾದರೆ, ಮೂರು ವರ್ಷದ ಪದವಿಗೆ ಕೊಡುವ ನೆರವನ್ನು ಮೊದಲೇ "ಮುಂದುವರಿಯುವ ಯೋಜನೆ" ಎಂದು ನಿರ್ದೇಶಕ ಮಂಡಳಿ ತೀರ್ಮಾನಿಸಿದರೆ ಸಾಕು. ಉಳಿದ ಹಣ ಏಪ್ರಿಲ್ 30ರೊಳಗೆ ಬೇರೆ ಬ್ಯಾಂಕ್ ಖಾತೆಗೆ ಹೋಗಿ, ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಅದೇ ಮಕ್ಕಳಿಗೆ ಸಲ್ಲುತ್ತದೆ. ಕಷ್ಟವಿರುವುದು ಮೊದಲ ವರ್ಷದಲ್ಲಿ ಮಾತ್ರ: ಈ ಮಾರ್ಚಿನಲ್ಲಿ ಬಂದ ಹಣವನ್ನು ಈ ವರ್ಷದವರಿಗೆ ಕೊಡದೆ ಜುಲೈವರೆಗೆ ಹಿಡಿದಿಟ್ಟುಕೊಳ್ಳಲು ಎದೆಗಾರಿಕೆ ಬೇಕು. ಫೋಟೋ ತಡವಾಗುತ್ತದೆ. ಒಮ್ಮೆ ದಾಟಿದರೆ ಮುಂದೆ ಪ್ರತಿವರ್ಷವೂ ಒಂದು ವರ್ಷದ ದಾಸ್ತಾನು ಕೈಯಲ್ಲಿರುತ್ತದೆ.

ಶಾಶ್ವತ ಎಂಬ ಮಾತು

ಆ 5,001ಕ್ಕೆ ಮರಳುತ್ತೇನೆ. ಅಸಲು ಮುಟ್ಟದೆ, ಬಡ್ಡಿಯಷ್ಟನ್ನೇ ಹಂಚುವ ದತ್ತಿ ನಮ್ಮಲ್ಲಿ ವಾಡಿಕೆ. ಹೆಸರು ಆಚಂದ್ರಾರ್ಕ ಉಳಿಯಲಿ ಎಂಬುದು ಶಾಸನಗಳ ಕಾಲದಿಂದ ಬಂದ ಆಸೆ. ಶಾಸನದ ದತ್ತಿ ಗದ್ದೆಯ ರೂಪದಲ್ಲಿತ್ತು. ಭತ್ತದ ಬೆಲೆ ಏರಿದರೆ ದತ್ತಿಯ ಬೆಲೆಯೂ ಏರುತ್ತಿತ್ತು. ಬ್ಯಾಂಕಿನ ಠೇವಣಿ ಹಾಗಲ್ಲ. 1990ರ ದಶಕದ ಆರಂಭದಲ್ಲಿ ಶೇ. 11–12ರ ಆಸುಪಾಸಿನ ಬಡ್ಡಿ ನೋಡಿ 25,000 ಇಟ್ಟವರು, ವರ್ಷಕ್ಕೆ ಮೂರು ಸಾವಿರದ ಹತ್ತಿರ ಬರುತ್ತದೆ, ಒಬ್ಬ ಹುಡುಗನ ಫೀಸು ಆಗುತ್ತದೆ ಎಂದು ಲೆಕ್ಕ ಹಾಕಿದ್ದರು. ಅದೇ ಠೇವಣಿ ಇಂದು ಶೇ. 6.5ರಲ್ಲಿ ಕೊಡುವುದು 1,625. ಬಡ್ಡಿ ಅರ್ಧಕ್ಕಿಳಿಯಿತು, ಬೆಲೆಗಳು ಹಲವು ಪಟ್ಟು ಏರಿದವು. ಬೆಲೆಯೇರಿಕೆ ವರ್ಷಕ್ಕೆ ಶೇ. 6 ಇದ್ದರೆ ಹನ್ನೆರಡು ವರ್ಷಕ್ಕೆ ಹಣದ ಶಕ್ತಿ ಅರ್ಧವಾಗುತ್ತದೆ, ಇಪ್ಪತ್ತನಾಲ್ಕಕ್ಕೆ ಕಾಲುಭಾಗ. ವಿಶ್ವವಿದ್ಯಾಲಯಗಳ ಚಿನ್ನದ ಪದಕದ ದತ್ತಿಗಳಂತೂ ಇದಕ್ಕಿಂತ ಬೇಗ ಸೋತವು. 2000ನೇ ಇಸವಿಯಲ್ಲಿ ಹತ್ತು ಗ್ರಾಂ ಚಿನ್ನ ನಾಲ್ಕೂವರೆ ಸಾವಿರದ ಆಸುಪಾಸು. 2025ರಲ್ಲಿ ಲಕ್ಷ ದಾಟಿತು. ಪದಕ ಬೆಳ್ಳಿಗೆ ಚಿನ್ನದ ಲೇಪವಾಗುವುದು ಅದಕ್ಕೇ.

ಐದು ಲಕ್ಷ ರೂಪಾಯಿ ಕೈಯಲ್ಲಿ ಹಿಡಿದು, ಅಪ್ಪನ ಹೆಸರಿನಲ್ಲಿ ಏನಾದರೂ ಮಾಡಬೇಕು ಎಂದು ಬರುವವರಿಗೆ ಎರಡು ದಾರಿ ತೋರಿಸಬಹುದು. ಅಸಲು ಮುಟ್ಟದಿದ್ದರೆ ವರ್ಷಕ್ಕೆ 32,500. ಒಬ್ಬರಿಗೆ ಸಾಕು, ಆದರೆ ಆ ಸಾಕು ಎನ್ನುವುದು ವರ್ಷ ವರ್ಷ ಕರಗುತ್ತದೆ. ಮಾಸದಂತೆ ಕಾಪಾಡಬೇಕಾದರೆ ಬಂದ ಬಡ್ಡಿಯಲ್ಲಿ ಬಹುಪಾಲನ್ನು ಮತ್ತೆ ಅಸಲಿಗೆ ಸೇರಿಸಬೇಕು, ಶೇ. 7 ಬಡ್ಡಿಯಲ್ಲಿ ಶೇ. 5ನ್ನು ಹಿಂದಕ್ಕೆ ಹಾಕಿದರೆ, ಹಂಚಲು ಉಳಿಯುವುದು ಶೇ. 2, ಅಂದರೆ ಒಬ್ಬ ವಿದ್ಯಾರ್ಥಿಗೆ 30,000 ಕೊಡಲು 15 ಲಕ್ಷದ ಅಸಲು ಬೇಕು. ಎರಡನೆಯ ದಾರಿ, ಹನ್ನೆರಡು ವರ್ಷದಲ್ಲಿ ಅಸಲು ಬಡ್ಡಿ ಎರಡನ್ನೂ ಖರ್ಚು ಮಾಡಿ ಮುಗಿಸುವುದು. ಶೇ. 6.5ರಲ್ಲಿ ಪ್ರತಿವರ್ಷ ಸುಮಾರು 61,000 ಸಿಗುತ್ತದೆ. ಮೂರು ವರ್ಷದ ಪದವಿಗೆ ಒಮ್ಮೆಗೆ ಇಬ್ಬರಂತೆ, ಹನ್ನೆರಡು ವರ್ಷದಲ್ಲಿ ಎಂಟು ಮಂದಿ ಮೊದಲಿನಿಂದ ಕೊನೆಯವರೆಗೆ ಓದಿ ಹೊರಬರುತ್ತಾರೆ. ನನ್ನ ಒಲವು ಎರಡನೆಯದರ ಕಡೆಗೇ. ಫಲಕದ ಮೇಲೆ ಉಳಿಯುವ ಹೆಸರಿಗಿಂತ, ಎಂಟು ಮನೆಗಳಲ್ಲಿ ಉಳಿಯುವ ಹೆಸರು ಹೆಚ್ಚು ಕಾಲ ಬಾಳುತ್ತದೆ ಎಂದು ನನಗನ್ನಿಸುತ್ತದೆ. ಒಪ್ಪದವರಿದ್ದಾರೆ, ಅವರ ಮಾತಿಗೂ ತೂಕವಿದೆ: ಒಂದು ದೇಸಗತಿಯ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟ ಶಿರಸಂಗಿ ಲಿಂಗರಾಜರಂಥವರ ದತ್ತಿ ತಲೆಮಾರುಗಳನ್ನು ದಾಟಿತು. ಆದರೆ ಅವರು ಬಿಟ್ಟುಹೋದದ್ದು ಮುಖ್ಯವಾಗಿ ಭೂಮಿ, ಠೇವಣಿ ರಸೀದಿ ಅಲ್ಲ.

ಮೂರನೆಯ ದಾರಿಯೊಂದಿದೆ, ಅದು ಹಳೆಯದೇ. ಜಮ್ಶೆಡ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದಲ್ಲಿ ಓದಲು ಹೋಗುವವರಿಗೆ ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ. ಓದಿ ಬಂದವರು ತೀರಿಸಿದ ಹಣ ಮುಂದಿನವರಿಗೆ ಹೋಗುತ್ತದೆ. ತುಮಕೂರು ಸೀಮೆಯಿಂದ ಲಂಡನ್ನಿಗೆ ಹೋಗಿ ಭೌತವಿಜ್ಞಾನ ಓದಿದ ರಾಜಾ ರಾಮಣ್ಣ ಟಾಟಾ ವಿದ್ಯಾರ್ಥಿವೇತನ ಪಡೆದವರೇ. ಆದರೆ ಇದು ಓದು ಮುಗಿದ ಕೂಡಲೇ ಒಳ್ಳೆಯ ಸಂಬಳ ಖಚಿತವಿರುವಲ್ಲಿ ನಡೆಯುವ ಮಾತು. ಬಿ.ಎ. ಓದುವ ಮೊದಲ ತಲೆಮಾರಿನ ಹುಡುಗಿಯ ಹೆಗಲಿಗೆ ಸಾಲ ಹಾಕಿದರೆ ಅದು ಅವಳ ಮದುವೆಯ ಮಾತಿನವರೆಗೆ ಹಿಂಬಾಲಿಸುತ್ತದೆ.

(ಕಂಪನಿಯ ಸಿಎಸ್‌ಆರ್ ಹಣವನ್ನು ಮೂಲನಿಧಿಗೆ ಹಾಕಲು 2021ರಿಂದ ಅವಕಾಶವಿಲ್ಲ. ಹೀಗಾಗಿ ಶಾಶ್ವತ ದತ್ತಿಯ ಚರ್ಚೆ ಈಗ ಉಳಿದಿರುವುದು ಮನೆತನದವರಿಗೆ ಮತ್ತು ಹಳೆಯ ವಿದ್ಯಾರ್ಥಿಗಳ ಸಂಘಗಳಿಗೆ.)

ದತ್ತಿ ಪತ್ರದ ನಾಲ್ಕು ಸಾಲು

ಹಣ ಕೊಟ್ಟವರು ಒಂದು ಪುಟದ ಷರತ್ತು ಬರೆದು ಕೊಡುತ್ತಾರೆ. ಬರೆಯುವಾಗ ಹತ್ತು ನಿಮಿಷದ ಕೆಲಸ, ಅನುಭವಿಸುವವರಿಗೆ ಮೂವತ್ತು ವರ್ಷದ್ದು. "ಬಿ.ಎಸ್ಸಿ.ಯಲ್ಲಿ ರೇಷ್ಮೆಕೃಷಿ ವಿಷಯ ತೆಗೆದುಕೊಂಡ, ಇಂಥ ತಾಲ್ಲೂಕಿನ, ಇಂಥ ಪಂಗಡದ, ಪ್ರಥಮ ದರ್ಜೆಯ ವಿದ್ಯಾರ್ಥಿಗೆ" ಎಂದು ಬರೆದಿರುತ್ತದೆ. ಆ ವಿಷಯ ಕಾಲೇಜಿನಲ್ಲಿ ನಿಂತುಹೋಗುತ್ತದೆ, ತಾಲ್ಲೂಕು ಒಡೆದು ಎರಡಾಗುತ್ತದೆ. ಅರ್ಹರೇ ಇಲ್ಲದೆ ಬಡ್ಡಿ ಸುಮ್ಮನೆ ಬೆಳೆಯುತ್ತದೆ. ಉದ್ದೇಶ ಬದಲಿಸಲು ಟ್ರಸ್ಟಿಗಳಿಗೆ ತಾವಾಗಿ ಅಧಿಕಾರವಿರುವುದಿಲ್ಲ. ಸಾರ್ವಜನಿಕ ದತ್ತಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಹತ್ತು ಸಾವಿರದ ದತ್ತಿಗೆ ಯಾರು ಹತ್ತುತ್ತಾರೆ? ಆದ್ದರಿಂದ ಷರತ್ತಿನ ಕೊನೆಗೆ ಒಂದು ವಾಕ್ಯ ಸೇರಿಸಿದರೆ ಎಲ್ಲವೂ ಸುಲಭ: ಎರಡು ವರ್ಷ ಸತತವಾಗಿ ಅರ್ಹರು ಸಿಗದಿದ್ದರೆ, ಸಮಿತಿಯು ಅದೇ ಕಾಲೇಜಿನ ಅತಿ ಅಗತ್ಯವಿರುವ ವಿದ್ಯಾರ್ಥಿಗೆ ಈ ಹಣವನ್ನು ಕೊಡಬಹುದು.

ಎರಡನೆಯ ಕೆಟ್ಟ ಷರತ್ತು: "ಬೇರೆ ಯಾವುದೇ ವಿದ್ಯಾರ್ಥಿವೇತನ ಪಡೆಯುತ್ತಿರಬಾರದು." ಹೆಚ್ಚು ಮಂದಿಗೆ ಹಂಚಿಹೋಗಲಿ ಎಂಬ ಒಳ್ಳೆಯ ಉದ್ದೇಶದಿಂದ ಬರೆದದ್ದೇ. ಆದರೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗನಿಗೆ ವಿದ್ಯಾಸಿರಿ ಎಂಬ ಸರ್ಕಾರಿ ಯೋಜನೆಯಿಂದ ವರ್ಷಗಟ್ಟಲೆ ಬಂದದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಜಿಲ್ಲಾ ಕೇಂದ್ರದಲ್ಲಿ ಕೋಣೆ ಬಾಡಿಗೆ, ಊಟ, ಇವು ಅದರಲ್ಲಿ ಎಷ್ಟು ತಿಂಗಳು ನಡೆದಾವು? ಅದು ಸಿಗುತ್ತದೆಂಬ ಕಾರಣಕ್ಕೆ ದಾನಿಯ 30,000 ತಪ್ಪಿದರೆ, ಅವನು ಎರಡನ್ನೂ ಪಡೆಯದವನಿಗಿಂತ ಸ್ವಲ್ಪವೇ ಮೇಲೆ. ಸರಿಯಾದ ಷರತ್ತು ಒಟ್ಟು ಖರ್ಚಿನ ಲೆಕ್ಕದ್ದು: ಎಲ್ಲ ನೆರವೂ ಸೇರಿ ಆ ವರ್ಷದ ನಿಜ ಖರ್ಚನ್ನು ಮೀರಬಾರದು. ಆ ಖರ್ಚಿನ ಪಟ್ಟಿಯಲ್ಲಿ ಫೀಸೊಂದನ್ನೇ ಬರೆದರೆ ಸಾಲದು. ಪರೀಕ್ಷಾ ಶುಲ್ಕ, ಲ್ಯಾಬ್ ಕೋಟು, ರೆಕಾರ್ಡ್ ಪುಸ್ತಕ, ಪ್ರಾಜೆಕ್ಟಿನ ಪ್ರಿಂಟು, ಹುಡುಗರ ಬಸ್ ಪಾಸು, ಹಬ್ಬಕ್ಕೆ ಊರಿಗೆ ಹೋಗಿಬರುವ ಖರ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ಸಿನ ಖರ್ಚು ಇಳಿದಿದೆ; ಅದೂ ಸರ್ಕಾರಿ ಬಸ್ಸು ಓಡುವ ದಾರಿಯಲ್ಲಿ. ಖಾಸಗಿ ಬಸ್ಸುಗಳದ್ದೇ ಸಾಮ್ರಾಜ್ಯವಾದ ಕರಾವಳಿಯ ಎಷ್ಟೋ ದಾರಿಗಳಲ್ಲಿ ಅಲ್ಲ.

ಮೂರನೆಯದು ಅಂಕದ ಷರತ್ತು. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿದರೂ ನೆರವು ನಿಲ್ಲುತ್ತದೆ ಎಂಬ ನಿಯಮ ತುಂಬ ಕಡೆ ಇದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಬಂದವರು ಇಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಸಾಮಾನ್ಯ, ಬುದ್ಧಿಗೆ ಅದು ಅಳತೆಯಲ್ಲ. ಎಡವಿದ ಆ ತಿಂಗಳಲ್ಲೇ ಹಣವೂ ನಿಂತರೆ, ಮರುಪರೀಕ್ಷೆಯ ಶುಲ್ಕ ಕಟ್ಟಲೂ ಇರುವುದಿಲ್ಲ. ಒಂದು ಸೆಮಿಸ್ಟರಿನ ವಿನಾಯಿತಿ, ಉಳಿದ ವಿಷಯಕ್ಕೆ ಪಾಠ ಹೇಳಿಕೊಡುವ ಒಬ್ಬ ಹಿರಿಯ ವಿದ್ಯಾರ್ಥಿ, ಇಷ್ಟಿದ್ದರೆ ಬಹುಪಾಲು ಮಂದಿ ದಡ ಸೇರುತ್ತಾರೆ. ಇನ್ನು ಕೆಲವೆಡೆ ಫಲಿತಾಂಶವೇ ತಿಂಗಳುಗಟ್ಟಲೆ ಬರುವುದಿಲ್ಲ. ನವೀಕರಣದ ಅರ್ಜಿಗೆ ಅಂಕಪಟ್ಟಿ ಲಗತ್ತಿಸಬೇಕೆಂಬ ನಿಯಮವಿದ್ದರೆ, ವಿಶ್ವವಿದ್ಯಾಲಯದ ತಡಕ್ಕೆ ವಿದ್ಯಾರ್ಥಿಗೆ ದಂಡ. ಹಾಜರಾತಿ ಶೇ. 75 ಇದೆ ಎಂದು ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಮುಂದಿನ ಕಂತು ಬಿಡುಗಡೆ ಮಾಡಬಹುದು.

ಬಡತನದ ಪುರಾವೆ

ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೇಳದ ವಿದ್ಯಾರ್ಥಿವೇತನ ಕಡಿಮೆ. ಮೇಲೆ ಆರ್‌ಡಿ ಸಂಖ್ಯೆ, ಕೆಳಗೆ ತಹಶೀಲ್ದಾರರ ಡಿಜಿಟಲ್ ಸಹಿ. ಸಂಖ್ಯೆ ಹಾಕಿ ಅಸಲಿ ಹೌದೋ ಅಲ್ಲವೋ ಎಂದು ಪರೀಕ್ಷಿಸಬಹುದು. ಅಸಲಿ ಎಂದರೆ ಕಾಗದ ಅಸಲಿ, ಒಳಗಿನ ಅಂಕಿ ಅಲ್ಲ. ನಾಲ್ಕು ಎಕರೆ ಅಡಿಕೆ ತೋಟದವರ ಪತ್ರದಲ್ಲೂ ಕೂಲಿ ಮಾಡುವವರ ಪತ್ರದಲ್ಲೂ ಒಂದೇ ಅಂಕಿ ಇರುವುದುಂಟು. ಆ ಪತ್ರವನ್ನು ಬಾಗಿಲಂತೆ ಬಳಸಬೇಕೇ ಹೊರತು ತಕ್ಕಡಿಯಂತಲ್ಲ. ತಕ್ಕಡಿ ಬೇಕಾದವರು ಬೇರೆ ಪ್ರಶ್ನೆ ಕೇಳುತ್ತಾರೆ: ಜಮೀನು ಖುಷ್ಕಿಯೋ ನೀರಾವರಿಯೋ, ಪಹಣಿ ಯಾರ ಹೆಸರಿನಲ್ಲಿದೆ, ಮನೆಯಲ್ಲಿ ಇನ್ನೆಷ್ಟು ಮಂದಿ ಓದುತ್ತಿದ್ದಾರೆ, ಯಾರಾದರೂ ಹಾಸಿಗೆ ಹಿಡಿದಿದ್ದಾರೆಯೇ, ರಜೆಯಲ್ಲಿ ನೀನೇನು ಕೆಲಸ ಮಾಡುತ್ತೀಯ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಯಾವ ಪ್ರಮಾಣಪತ್ರಕ್ಕಿಂತಲೂ ಸತ್ಯ ಹೇಳುತ್ತದೆ. 1999ರಲ್ಲಿ ಶುರುವಾದ ವಿದ್ಯಾಧನ್‌ನಂಥ ಕಾರ್ಯಕ್ರಮಗಳು ಅರ್ಜಿಯ ಮೇಲೆ ಪರೀಕ್ಷೆ, ಸಂದರ್ಶನಗಳನ್ನೂ ಇಟ್ಟುಕೊಂಡಿರುವುದು ಇದಕ್ಕೇ.

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿನಿಯರ ಯೋಜನೆ ಇಲ್ಲಿ ಜಾಣ ದಾರಿ ಹಿಡಿದಿದೆ. ಕೆಲವು ರಾಜ್ಯಗಳಲ್ಲಿ ಮೊದಲು ನಡೆದು, 2025ರಲ್ಲಿ ಕರ್ನಾಟಕವೂ ಸೇರಿ 18 ರಾಜ್ಯಗಳಿಗೆ ಹಬ್ಬಿದ ಈ ಯೋಜನೆಯಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೋ ಡಿಪ್ಲೊಮಾಗೋ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ, ಎರಡು ಕಂತಿನಲ್ಲಿ. ಸರ್ಕಾರಿ ಶಾಲೆಯ ಅಂಕಪಟ್ಟಿಯೇ ಅರ್ಹತೆಯ ಪುರಾವೆ. ಆ ಕಾಗದ ಆಗಲೇ ಅವಳ ಟ್ರಂಕಿನಲ್ಲಿದೆ. ಅದಕ್ಕಾಗಿ ಯಾವ ಕಚೇರಿಗೂ ಅಲೆಯಬೇಕಿಲ್ಲ, ಯಾರ ಮುಂದೆಯೂ ತಾನು ಬಡವಳೆಂದು ಹೇಳಿಕೊಳ್ಳಬೇಕಿಲ್ಲ.

ಖಾತೆಗೆ ಬೀಳದ ಹಣ

ಎಲ್ಲ ಆಗಿ, ಮಂಜೂರಾಗಿ, ಹಣ ಕಳಿಸಿದ ಮೇಲೆ ಅದು ಹಿಂದಿರುಗುವುದೂ ಇದೆ. ಮೊದಲ ಕಾರಣ ಹಳೆಯ ಪಾಸ್‌ಬುಕ್ಕು. ನಮ್ಮ ರಾಜ್ಯದಲ್ಲೇ ಹುಟ್ಟಿದ ಬ್ಯಾಂಕುಗಳ ಹೆಸರು ಒಂದೊಂದಾಗಿ ಅಳಿಸಿದವು: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ವಿಲೀನದ ಹಿಂದೆಯೇ ಐಎಫ್‌ಎಸ್‌ಸಿ, ಅಂದರೆ ಶಾಖೆಯ ಸಂಕೇತ, ಬದಲಾಗುತ್ತದೆ; ಮನೆಯಲ್ಲಿರುವ ಪಾಸ್‌ಬುಕ್ಕಿನ ಮೊದಲ ಪುಟ ಹಳೆಯದನ್ನೇ ಹೇಳುತ್ತಿರುತ್ತದೆ. ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ಲು, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಊರಿನ ಹೆಸರೂ ಸೇರಿ ಮತ್ತೊಂದು. ಮೂರನೆಯದು ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆ. ನಾಲ್ಕನೆಯದು ಯಾರ ಗಮನಕ್ಕೂ ಬಾರದ್ದು: ಪೂರ್ತಿ ಕೆವೈಸಿ (ಗುರುತು, ವಿಳಾಸದ ದಾಖಲೆ) ಇಲ್ಲದೆ ತೆರೆದ ಸಣ್ಣ ಖಾತೆಯಲ್ಲಿ ಬಾಕಿ 50,000 ಮೀರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಇಂಜಿನಿಯರಿಂಗ್ ಹುಡುಗನಿಗೆ 60,000 ಕಳಿಸಿದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಇದಕ್ಕೆಲ್ಲ ಮದ್ದು ಒಂದು ರೂಪಾಯಿ. ಮೇ ತಿಂಗಳಲ್ಲೇ ಪ್ರತಿ ಖಾತೆಗೂ ಒಂದೊಂದು ರೂಪಾಯಿ ಕಳಿಸಿ, ಬಂತೇ ಎಂದು ಫೋನು ಮಾಡಿ ಕೇಳುವುದು. ಬರದಿದ್ದವರಿಗೆ ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಳ್ಳಲು ಎರಡು ತಿಂಗಳು ಸಿಗುತ್ತದೆ. ಜುಲೈಯಲ್ಲಿ ಇಡೀ ಮೊತ್ತ ಕಳಿಸಿ, ಹಿಂದಿರುಗಿ, ಮತ್ತೆ ಕಳಿಸುವ ಹೊತ್ತಿಗೆ ದಸರೆ ಬಂದಿರುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ತಾವು ಓದಿದ ಕಾಲೇಜಿಗೆ ಏನಾದರೂ ಮಾಡಬೇಕೆಂದು ಕನ್ನಡ ಕೂಟಗಳಲ್ಲಿ ಹಣ ಒಟ್ಟು ಮಾಡುತ್ತಾರೆ, ನೇರವಾಗಿ ಇಲ್ಲಿನ ಟ್ರಸ್ಟಿನ ಖಾತೆಗೆ ಹಾಕುತ್ತಾರೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡು ಇದ್ದರೂ, ವಿದೇಶಿ ಮೂಲವೇ. ಅಲ್ಲಿ ನೋಂದಾಯಿಸಿದ ಕೂಟವೂ ಅಷ್ಟೇ. ಅಂಥ ಹಣ ಪಡೆಯಲು ಇಲ್ಲಿನ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಅದು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಊರಿನ ಸಣ್ಣ ಟ್ರಸ್ಟಿಗೆ ಒಳ್ಳೆಯ ಮನಸ್ಸಿನಿಂದ ಕಳಿಸಿದ ಸಾವಿರ ಡಾಲರು, ಆ ಟ್ರಸ್ಟನ್ನೇ ಕಾನೂನಿನ ತೊಡಕಿಗೆ ನೂಕಬಹುದು. ನೋಂದಣಿ ಇರುವ ಸಂಸ್ಥೆಯೊಂದನ್ನು ಹುಡುಕಿ, ಇಂಥ ಜಿಲ್ಲೆಯ ಮಕ್ಕಳಿಗೆ ಎಂದು ಗುರುತಿಸಿ ಕೊಡುವುದು ಕ್ಷೇಮ.

ಒಂದು ಕಾಗದ

ದೊಡ್ಡ ನಿಧಿ ಇಲ್ಲದ, ಕಣಜವೂ ಇನ್ನೂ ತುಂಬದ ಸಣ್ಣ ಸಂಘಗಳು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹಣವೇ ಬೇಕಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘವೊಂದು ಜೂನ್ ಕೊನೆಗೆ ನವೀಕರಣದ ಪಟ್ಟಿ ಮುಗಿಸಿ, ಪ್ರತಿಯೊಬ್ಬರ ಕೈಗೂ ಕಾಲೇಜಿನ ಹೆಸರಿಗೆ ಬರೆದ ಪತ್ರ ಕೊಡುತ್ತದೆ. ವೇದಿಕೆ ಇಲ್ಲ, ಹಾರ ಇಲ್ಲ, ಆಳೆತ್ತರದ ಚೆಕ್ಕು ಹಿಡಿಸಿ ಫೋಟೋ ಇಲ್ಲ. ಪತ್ರದಲ್ಲಿ ಇರುವುದು ಇಷ್ಟು: ಈ ವಿದ್ಯಾರ್ಥಿನಿಯ ಎರಡನೆಯ ವರ್ಷದ ಶುಲ್ಕವನ್ನು ನಮ್ಮ ಸಂಘ ಭರಿಸುತ್ತದೆ. ಮೊತ್ತ ಆಗಸ್ಟ್ 20ರೊಳಗೆ ಕಾಲೇಜಿನ ಖಾತೆಗೆ ನೇರವಾಗಿ ಜಮಾ ಆಗುತ್ತದೆ. ಅಲ್ಲಿಯವರೆಗೆ ಪ್ರವೇಶ ತಡೆಯಬಾರದಾಗಿ ವಿನಂತಿ. ಕೆಳಗೆ ಕಾರ್ಯದರ್ಶಿಯ ಸಹಿ, ಮೊಹರು, ಎತ್ತುವ ಫೋನ್ ನಂಬರು. ಮೊದಲ ವರ್ಷ ಪ್ರಾಂಶುಪಾಲರು ಒಪ್ಪಲು ಹಿಂದೆಗೆದಿದ್ದರು. ಹೇಳಿದ ದಿನಕ್ಕೆ ಎರಡು ದಿನ ಮೊದಲೇ ಹಣ ಬಂದದ್ದು ನೋಡಿದ ಮೇಲೆ, ಮರುವರ್ಷದಿಂದ ಆ ಕಿಟಕಿಯ ಗುಮಾಸ್ತರು ಪತ್ರವನ್ನು ಅರ್ಜಿಯ ಹಿಂದೆ ಪಿನ್ನು ಹಾಕಿ, "ಆಯ್ತು, ಒಳಗೆ ಹೋಗಮ್ಮ, ಕ್ಲಾಸ್ ಶುರುವಾಗಿದೆ" ಎನ್ನುತ್ತಾರೆ.